ವಿಮಾನ ಏರುವ ಬುತ್ತಿಯ ಲೆಕ್ಕ

ವಿಮಾನದ ಲಗೇಜಿನಲ್ಲಿ ಎರಡು ಬಗೆ. ಜೊತೆಗೇ ಒಯ್ದು ಸೀಟಿನ ಮೇಲಿನ ಗೂಡಿನಲ್ಲೋ ಮುಂದಿನ ಸೀಟಿನ ಕೆಳಗೋ ಇಡುವುದು ಕ್ಯಾಬಿನ್ ಬ್ಯಾಗ್. ಕೌಂಟರಿನಲ್ಲಿ ತೂಗಿಸಿ, ಚೀಟಿ ಅಂಟಿಸಿ ಒಪ್ಪಿಸುವುದು ಚೆಕ್‌ಇನ್ ಲಗೇಜ್. ದೇಶದೊಳಗಿನ ಇಕಾನಮಿ ಟಿಕೆಟಿಗೆ ಸಾಮಾನ್ಯವಾಗಿ ಸಿಗುವುದು ಕ್ಯಾಬಿನ್ನಿಗೆ 7 ಕಿಲೊ, ಚೆಕ್‌ಇನ್‌ಗೆ 15 ಕಿಲೊ. ಕೈಚೀಲದ ಅಳತೆ 55, 35, 25 ಸೆಂಟಿಮೀಟರಿನ ಆಸುಪಾಸು. ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಮೇಲಿನ ಗೂಡೇ ಕಿರಿದು. ಉಬ್ಬಿದ ಚೀಲವನ್ನು ವಿಮಾನದ ಬಾಗಿಲಲ್ಲೇ ಇಸಿದುಕೊಂಡು ಕೆಳಗಿನ ಸರಕಿನ ಕೋಣೆಗೆ ಹಾಕುವುದುಂಟು.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋಗುವವರಿಗೆ ಊರಲ್ಲಿ ವಿಮಾನವಿಲ್ಲ. ಹುಬ್ಬಳ್ಳಿ ಇಲ್ಲವೇ ಬೆಳಗಾವಿಗೆ ಹೋಗಿ ಏರಬೇಕು, ಇಲ್ಲವೇ ರಾತ್ರಿ ಬಸ್ಸಿಗೆ ಬೆಂಗಳೂರು ಸೇರಬೇಕು. ಲಗೇಜಿನ ದೊಡ್ಡ ಎಡವಟ್ಟು ಆಗುವುದು ಈ ಮೊದಲ ಹೆಜ್ಜೆಯಲ್ಲೇ. ಅಮೆರಿಕದ ಟಿಕೆಟುಗಳಲ್ಲಿ ಅನೇಕಕ್ಕೆ ತಲಾ 23 ಕಿಲೊದ ಎರಡು ಪೆಟ್ಟಿಗೆಗಳ ಅವಕಾಶವಿದೆ, ಅಂದರೆ 46 ಕಿಲೊ. ಆದರೆ ಹುಬ್ಬಳ್ಳಿ–ಬೆಂಗಳೂರು ಟಿಕೆಟನ್ನು ಬೇರೆಯಾಗಿ ಕೊಂಡರೆ ಆ ಕಂಪನಿಗೆ ಮುಂದಿನ ಪ್ರಯಾಣದ ಸಂಬಂಧವಿಲ್ಲ. ಅದು ನೋಡುವುದು ತನ್ನ 15 ಕಿಲೊ ಮಾತ್ರ; ಉಳಿದ 31 ಕಿಲೊಗೆ ಹೆಚ್ಚುವರಿ ಹಣ ಕಟ್ಟಬೇಕು. ಬೆಂಗಳೂರಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿಕೊಂಡು ಮತ್ತೆ ಒಪ್ಪಿಸುವ ಕೆಲಸ ಬೇರೆ. ಹುಬ್ಬಳ್ಳಿಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇದ್ದರೆ ಹಾಗಲ್ಲ. ಅಮೆರಿಕದ ಪ್ರಯಾಣದಲ್ಲಂತೂ ಒಂದು ಟಿಕೆಟಿನ ಉದ್ದಕ್ಕೂ ಒಂದೇ ಲಗೇಜ್ ನಿಯಮ ಇರಬೇಕೆಂಬುದು ಆ ದೇಶದ ಸಾರಿಗೆ ಇಲಾಖೆಯ ಕಟ್ಟಳೆ. ಬಿಡಿ ಟಿಕೆಟಿನಲ್ಲಿ ಸಾವಿರ ರೂಪಾಯಿ ಉಳಿಯಿತೆಂದು ಹಿಗ್ಗುವ ಮುನ್ನ ಈ ಲೆಕ್ಕ ಹಾಕಲೇಬೇಕು.

ಎರಡು ಪೆಟ್ಟಿಗೆ ಎಂದಲ್ಲಿ ತೂಕ ಒಟ್ಟುಗೂಡುವುದಿಲ್ಲ. ಒಂದರಲ್ಲಿ 26, ಇನ್ನೊಂದರಲ್ಲಿ 20 ಕಿಲೊ ಇದ್ದರೆ ಮೊದಲನೆಯದು ಮಿತಿ ಮೀರಿದಂತೆಯೇ. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ದಾಟಬಾರದು. ಒಂದೇ ಪೆಟ್ಟಿಗೆ 32 ಕಿಲೊ ಮೀರಿದರೆ ಹಣ ಕೊಟ್ಟರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದನ್ನು ಎತ್ತಿ ಇಳಿಸುವ ಕಾರ್ಮಿಕರ ಬೆನ್ನು ಕಾಯುವ ಮಿತಿ ಅದು, ನ್ಯಾಯವಾದದ್ದು.

ಇನ್ನು ಬುತ್ತಿ. ಕಡಕ್ ರೊಟ್ಟಿಯ ತೂಕ ಕಡಿಮೆ, ಹಿಡಿಯುವ ಜಾಗ ಹೆಚ್ಚು. ಪೆಟ್ಟಿಗೆಯ ತಳದಲ್ಲಿಟ್ಟರೆ ಪುಡಿಯಾಗುತ್ತದೆ, ಗಟ್ಟಿ ಡಬ್ಬಿ ಬೇಕು. ಅಮೀನಗಡದ ಕರದಂಟು ಗಟ್ಟಿ ತಿನಿಸು, ಯಾವ ಚೀಲದಲ್ಲಾದರೂ ಹೋಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಾರದಪುಡಿ ಚೆಕ್‌ಇನ್ ಪೆಟ್ಟಿಗೆಗೇ ಸೇರಬೇಕು. ಖಾರದಪುಡಿಯನ್ನು ಕಣ್ಣಿಗೆರಚಬಹುದು ಎಂಬ ಕಾರಣಕ್ಕೆ ಕೈಚೀಲದಲ್ಲಿ ಬಿಡುವುದಿಲ್ಲ. ರಂಜಕ, ತುಪ್ಪ, ಎಣ್ಣೆ ತೇಲುವ ಉಪ್ಪಿನಕಾಯಿ ಭದ್ರತಾ ಸಿಬ್ಬಂದಿಯ ಕಣ್ಣಿಗೆ ದ್ರವಗಳೇ. ಲಂಡನ್ನಿನಲ್ಲಿ 2006ರ ಆಗಸ್ಟಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಬಳಿಕ ಅಂತಾರಾಷ್ಟ್ರೀಯ ಪ್ರಯಾಣದ ಕೈಚೀಲದಲ್ಲಿ ಒಂದು ಬಾಟಲಿಗೆ 100 ಮಿಲಿಲೀಟರ್ ಎಂಬ ಮಿತಿ ಬಂತು. ಅರ್ಧ ತುಂಬಿದ 200 ಮಿಲಿಲೀಟರಿನ ಡಬ್ಬಿಯೂ ನಿಲ್ಲುವುದಿಲ್ಲ, ಏಕೆಂದರೆ ಎಣಿಕೆಗೆ ಬರುವುದು ಡಬ್ಬಿಯ ಅಳತೆ.

ಮನಸ್ಸಿಗೆ ಕಷ್ಟವಾಗುವುದು ಕೊಬ್ಬರಿಯ ವಿಷಯ. ಮಗಳನ್ನು ಕಳಿಸುವಾಗ ಉಡಿ ತುಂಬಿದ ಕೊಬ್ಬರಿ ಬಟ್ಟಲನ್ನು ಸೀರೆಯ ನಡುವೆ ಇಟ್ಟು ಕಟ್ಟುವುದು ಈ ಕಡೆಯ ವಾಡಿಕೆ. ಎಣ್ಣೆಯಂಶ ತುಂಬಿದ ಒಣ ಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಆದ್ದರಿಂದ ಭಾರತದ ವಿಮಾನ ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ತೆರೆಸುತ್ತಾರೆ. ಉಡಿಯ ಕೊಬ್ಬರಿಯನ್ನು ಮನೆಯಲ್ಲೇ ತೆಗೆದಿರಿಸಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕಳಿಸುವುದು ಲೇಸು; ತಾಯಿ ಕೊಟ್ಟದ್ದು ಕಸದ ಬುಟ್ಟಿಗೆ ಬೀಳುವುದು ತಪ್ಪುತ್ತದೆ.

ಪವರ್ ಬ್ಯಾಂಕಿನ ನಿಯಮ ಖಾರದಪುಡಿಯ ನಿಯಮಕ್ಕೆ ತಿರುಗುಮುರುಗು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸಿಬ್ಬಂದಿಯ ಕೈಗೆ ಎಟುಕಬೇಕು, ಹಾಗಾಗಿ ಅದು ಕ್ಯಾಬಿನ್ನಿನಲ್ಲಿ ಮಾತ್ರ. 100 ವ್ಯಾಟ್‌ಅವರ್‌ವರೆಗೆ ಅನುಮತಿ ಬೇಡ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್‌ಅವರ್ ಆಗುತ್ತದೆ. ಪಾಸ್‌ಪೋರ್ಟ್, ಅಂಕಪಟ್ಟಿ, ಔಷಧ, ಒಡವೆ ಸಹ ಕೈಚೀಲದಲ್ಲೇ ಇರಬೇಕು.

ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ, ಮುಂದಿನ ವಿಮಾನವಿದ್ದರೂ, ಸಾಮಾನ್ಯವಾಗಿ ಪೆಟ್ಟಿಗೆ ಪಡೆದು ಕಸ್ಟಮ್ಸ್ ದಾಟಿಸಬೇಕು. ತಿನಿಸು ತಂದದ್ದನ್ನು ಅಲ್ಲಿ ಹೇಳಿಯೇ ಬಿಡಬೇಕು, ಮುಚ್ಚಿಟ್ಟರೆ ದಂಡ. ಪೆಟ್ಟಿಗೆ ಬರದೇ ಹೋದರೆ ನಿಲ್ದಾಣ ಬಿಡುವ ಮೊದಲೇ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ, ಅದರ ಸಂಖ್ಯೆ ಪಡೆಯಬೇಕು. ಆಗ ಬೇಕಾಗುವುದು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ ಸಣ್ಣ ಲಗೇಜ್ ಚೀಟಿ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯಾದ ಲಗೇಜಿಗೆ 7 ದಿನ, ತಡವಾಗಿ ಬಂದುದಕ್ಕೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು.