ಅಪಘಾತ ಸಾಂತಾಕ್ರೂಜ್‌ನಲ್ಲಿ, ದಾವೆ ಊರಿನಲ್ಲೂ ಹೂಡಬಹುದು

ಮುಂಬಯಿಯ ಸಾಂತಾಕ್ರೂಜ್ ಪೂರ್ವ. ಬಿಲ್ಲವ ಭವನ, ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗ, ಎಲ್ಲವೂ ನಮ್ಮ ಕನ್ನಡಿಗರು ಓಡಾಡುವ ಜಾಗಗಳೇ. ಹತ್ತಿರದಲ್ಲೇ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ರಾತ್ರಿ ಟ್ರಾಫಿಕ್ ಕರಗಿದೊಡನೆ ಗಾಡಿಗಳ ವೇಗ ಏರುತ್ತದೆ. ಹೋಟೆಲ್ ಕೆಲಸ ಮುಗಿಸಿ ರಸ್ತೆ ದಾಟುವವರೇ, ಜೋಕೆ.

ಅಪಘಾತವಾದರೆ ಮೊದಲು 112ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಗಾಯಾಳು ಹಣ ಕಟ್ಟಬೇಕಿಲ್ಲ. ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಗುದ್ದಿದ ಗಾಡಿ ಪರಾರಿಯಾಗಿ ಪತ್ತೆಯೇ ಆಗಲಿಲ್ಲವೇ? ಆಗಲೂ ಪರಿಹಾರವಿದೆ: ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ. ಒಂದು ಜೀವಕ್ಕೆ ಇದು ತೀರಾ ಕಡಿಮೆ. ಆದರೂ ಬಿಡಬೇಡಿ.

ಗಾಡಿ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಿ. ನಮ್ಮವರಿಗೆ ಗೊತ್ತಿರಲೇಬೇಕಾದ ಮಾತು ಇದು: ಅಪಘಾತ ಮುಂಬಯಿಯಲ್ಲಾದರೂ, ಅರ್ಜಿ ಹಾಕುವ ಮನೆಯವರು ಉಡುಪಿಯಲ್ಲಿ ವಾಸವಿದ್ದರೆ ದಾವೆಯನ್ನು ಅಲ್ಲೇ ಹೂಡಬಹುದು. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಈ ಹಕ್ಕು ಕೊಟ್ಟಿದೆ. ಅದೇ ಸೆಕ್ಷನ್ ಹೇಳುವ ಗಡುವು 6 ತಿಂಗಳು.

ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಬಿಲ್ಲು, ಸಂಬಳದ ಚೀಟಿ ಜೋಪಾನವಾಗಿಡಿ. ಬೇಗ ವಕೀಲರನ್ನು ಕಾಣಿ.