ಅವ್ವನನ್ನು ನಾನು ಬೆಂಚಿಗೆ ಹಾಕಿದ್ದೆ

ಈ ಸಲದ ಮಾತು ಕೋಡಿಂಗ್ ಬಗ್ಗೆ ಅಲ್ಲ. ನಮ್ಮ ನೌಕರಿಯ ಹಿಂದೆ ಊರು ಬಿಟ್ಟು ಬಂದ ತಾಯಂದಿರ ಬಗ್ಗೆ.

ನಮ್ಮದು ಜಮಖಂಡಿ ತಾಲ್ಲೂಕು, ಕೃಷ್ಣಾ ದಂಡೆಯ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ವಿಜಯವಾಡಕ್ಕೆ ಕರಕೊಂಡು ಬಂದೆ. ಆಗ ನನ್ನ ಆಫೀಸು ಗನ್ನವರಂ ಕಡೆ ಇತ್ತು. "ಜೀವನಪೂರ್ತಿ ದುಡದೀ, ಇನ್ನ ಆರಾಮ ಇರು" ಅಂದೆ. ಅಡುಗೆಗೆ ಒಬ್ಬರು, ಕಸ-ಮುಸುರೆಗೆ ಒಬ್ಬರು, ಟಿವಿಯಲ್ಲಿ ಕನ್ನಡ ಚಾನೆಲ್. ಎರಡೇ ತಿಂಗಳಲ್ಲಿ ಅವ್ವ ಊಟ ಕಡಿಮೆ ಮಾಡಿದಳು, ಹಗಲೆಲ್ಲ ಮಲಗತೊಡಗಿದಳು. ರಕ್ತಪರೀಕ್ಷೆಯಲ್ಲಿ ಎಲ್ಲಾ ನಾರ್ಮಲ್. ಏನಾಗಿದೆ ಅಂತ ಕೇಳಿದರೆ, "ತಮ್ಮಾ, ಬದುಕು ಇಲ್ಲದ ಮನ್ಯಾಗ ಹ್ಯಾಂಗ ಕುಂದ್ರಲಿ?" ಅಂದಳು.

ಬದುಕು ಅಂದ್ರೆ ಜೀವನ. ಆದರೆ ಹಳ್ಳಿ ಮಾತಿನಲ್ಲಿ ಮಾಡೋ ಕೆಲಸಕ್ಕೂ ಅದೇ ಹೆಸರು. ಅವ್ವ ಎರಡನ್ನೂ ಸೇರಿಸಿಯೇ ಹೇಳಿದ್ದಳು.

ನಮಗೆ ಅರ್ಥ ಆಗೋ ಭಾಷೆಯಲ್ಲಿ ಹೇಳೋದಾದ್ರೆ, ಅವ್ವನನ್ನು ನಾನು ಬೆಂಚಿಗೆ ಹಾಕಿದ್ದೆ. ಸಂಬಳ ಬರುತ್ತೆ, ಪ್ರಾಜೆಕ್ಟ್ ಇಲ್ಲ. ಮೊದಲ ವಾರ ಖುಷಿ. ಆಮೇಲೆ "ನಾನು ಇಲ್ಲಿ ಯಾಕಿದ್ದೀನಿ?" ಅನ್ನೋ ಭಯ.

ಆಕ್ಯುಪೇಷನಲ್ ಥೆರಪಿಯವರು ಇದನ್ನು ಬಹಳ ದಿನದಿಂದ ಹೇಳ್ತಾ ಬಂದಿದ್ದಾರೆ. ಅವರ ಲೆಕ್ಕದಲ್ಲಿ 'ಆಕ್ಯುಪೇಷನ್' ಅಂದ್ರೆ ಬರೀ ನೌಕರಿ ಅಲ್ಲ. ಅಡುಗೆ, ಪೂಜೆ, ಸಂತೆ, ಹರಟೆ, ದಿನಕ್ಕೆ ಅರ್ಥ ಕೊಡೋದೆಲ್ಲ. ಆಸ್ಟ್ರೇಲಿಯಾದ ಆನ್ ವಿಲ್ಕಾಕ್ 1998ರಲ್ಲಿ ಮೂರು ಮಾತು ಜೋಡಿಸಿದರು: ಮಾಡುವುದು, ಇರುವುದು, ಆಗುವುದು. ಮುಂದೆ ನಾಲ್ಕನೆಯದೂ ಸೇರಿತು: ಒಂದು ಕಡೆಗೆ ಸೇರಿದವರಾಗಿರುವುದು. ನಾನು ಮೊದಲನೆಯದನ್ನೇ ಕಿತ್ತುಕೊಂಡಿದ್ದೆ. ಉಳಿದವು ಎಲ್ಲಿಂದ ಬರಬೇಕು?

ಅಡುಗೆಯವರನ್ನು ಬಿಡಿಸಿದೆ. ಅವ್ವನನ್ನು ರೈತು ಬಜಾರಿಗೆ ಕರಕೊಂಡು ಹೋದೆ. ನಾಲ್ಕು ದಿನದಲ್ಲಿ ಆಕೆ ತಾನೇ ಒಂದು ಸೂತ್ರ ಕಂಡುಹಿಡಿದಳು: "ಇವರು 'ಪ' ಅಂದಲ್ಲಿ ನಾವು 'ಹ' ಅಂತೀವಿ." ಪಾಲು ಅಂದ್ರೆ ಹಾಲು, ಪುವ್ವು ಅಂದ್ರೆ ಹೂವು. ಲಿಪಿ ಹತ್ತಿರದ್ದೇ ಆದ್ದರಿಂದ ಬೋರ್ಡನ್ನೂ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಜೊನ್ನಪಿಂಡಿ ಅಂತ ಕೇಳಿ ಜೋಳದ ಹಿಟ್ಟು ತಂದಳು. ರೊಟ್ಟಿ ಬಡಿಯೋ ಸಪ್ಪಳ ಕೇಳಿ ಕೆಳಗಿನ ಮನೆಯವರು ಬಂದಾಗ ಜಗಳಕ್ಕೆ ಬಂದ್ರು ಅಂತ ನಾನು ಹೆದರಿದೆ. ಅವರಿಗೆ ಶುಗರ್ ಇತ್ತಂತೆ, ರೊಟ್ಟಿ ಕಲಿಯಬೇಕಿತ್ತಂತೆ! ಅವತ್ತಿನಿಂದ ಅವ್ವ ಆ ಅಪಾರ್ಟ್‌ಮೆಂಟಿನಲ್ಲಿ 'ನಮ್ಮ ತಾಯಿ' ಅಲ್ಲ, 'ರೊಟ್ಟೆ ಅಕ್ಕ'. ಸಂಜೆ ಅವರ ಜೊತೆ ಪ್ರಕಾಶಂ ಬ್ಯಾರೇಜ್ ಕಡೆ ಹೋಗಿ, ಊರಿನ ಹೊಳೆಯನ್ನೇ ನೋಡಿ ಬರೋಳು.

ಒಂದು ಎಚ್ಚರಿಕೆ. ಇದರರ್ಥ ತಾಯಿಗೆ ಕೆಲಸ ಹಚ್ಚಿ ಅಂತಲ್ಲ. ಪಾತ್ರೆ ತೊಳೆಯೋದನ್ನು ಬಿಟ್ಟಿದ್ದಕ್ಕೆ ಅವ್ವನಿಗೆ ಎಳ್ಳಷ್ಟೂ ಬೇಜಾರಿಲ್ಲ. ಮೊಮ್ಮಕ್ಕಳನ್ನು ಹಗಲಿಡೀ ಅವರ ಮೇಲೆ ಹಾಕಿ ಅದನ್ನೇ ಪ್ರೀತಿ ಅನ್ನೋದೂ ತಪ್ಪು. ಯಾವ ಕೆಲಸ ತನ್ನದು ಅಂತ ಅವರೇ ಹೇಳಬೇಕು.

ಹೋದ ವರ್ಷ ನನ್ನ ಕೆಲಸ ವಿಶಾಖಪಟ್ಟಣದ ಋಷಿಕೊಂಡಕ್ಕೆ ಬದಲಾಯ್ತು. ಅವ್ವ ಮತ್ತೆ ಮಂಕಾದಳು. ಇಲ್ಲಿ ಹೊಳೆಯಿಲ್ಲ, ರೊಟ್ಟಿ ಕಲಿಯೋ ಗೆಳತಿಯೂ ಇಲ್ಲ. ಈ ಸಲ ನಾನು ಲ್ಯಾಬಿಗೆ ಓಡಲಿಲ್ಲ. ಮೊದಲ ಭಾನುವಾರವೇ ಎಂವಿಪಿ ಕಾಲನಿಯ ರೈತು ಬಜಾರಿಗೆ ಹೋದೆವು. ವಾಪಸ್ ಬರುವಾಗ ಸಮುದ್ರ ನೋಡಿ ಕೇಳಿದಳು: "ನಮ್ಮ ಹೊಳಿ ಕಡೀಕ ಇದಕ್ಕೇ ಕೂಡತೈತೇನು?" ಹೌದವ್ವ, ಹಂಸಲದೀವಿ ಹತ್ತಿರ ಇದೇ ಬಂಗಾಳಕೊಲ್ಲಿಗೆ ಅಂದೆ. "ಹಂಗಾದ್ರ ನಡೀತೈತಿ" ಅಂದಳು.

ನಿಮ್ಮ ತಾಯಿ ನಿಮ್ಮ ಜೊತೆ ಇದ್ದರೆ, ಇವತ್ತು "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಜೊತೆ ಇನ್ನೊಂದು ಕೇಳಿ ನೋಡಿ: "ಇವತ್ತು ಏನು ಮಾಡಿದೆ?" ಉತ್ತರ "ಏನಿಲ್ಲ" ಅಂತ ದಿನಾ ಬಂದರೆ, ಅದನ್ನು ಆರಾಮ ಅಂದ್ಕೊಬೇಡಿ.