ಗಗನಸಖಿಯ ಇಂಗ್ಲಿಷು ಮತ್ತು ಗಡಿನಾಡಿನ ತರಗತಿ

ಗಗನಸಖಿಯ ಉದ್ಯೋಗವೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ಮಡಿಕೆ ಕೆಡದ ಉಡುಪು, ಮಾಸದ ಮುಗುಳ್ನಗೆ, ಅರಳು ಹುರಿದಂತೆ ಬರುವ ಇಂಗ್ಲಿಷು. ಇವುಗಳಲ್ಲಿ ಮೊದಲಿನ ಎರಡನ್ನು ಹೇಗೋ ಸಂಪಾದಿಸಬಹುದು, ಮೂರನೆಯದು ಮಾತ್ರ ತಮ್ಮ ಪಾಲಿಗೆ ಎಟುಕದ ಹಣ್ಣೆಂದು ಸೇಲಂ, ಧರ್ಮಪುರಿ ಸೀಮೆಯ ಕನ್ನಡದ ಮಕ್ಕಳಲ್ಲಿ ಅನೇಕರು ನಂಬಿದ್ದಾರೆ. ಅವರಿಗಿಂತ ಹೆಚ್ಚಾಗಿ ಅವರ ತಾಯಿತಂದೆಗಳು ನಂಬಿದ್ದಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ, ಆ ಉದ್ಯೋಗಕ್ಕೆ ಬೇಕಾದ ಇಂಗ್ಲಿಷು ಯಾವ ಬಗೆಯದು, ಅದನ್ನು ಕಲಿಸುವುದರಲ್ಲಿ ಕನ್ನಡ ಬಲ್ಲ ಅಧ್ಯಾಪಕನು ಏನು ಮಾಡಬಲ್ಲನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಬಯಸುತ್ತೇವೆ.

ಈ ವಿಷಯ ನಮಗೆ ದೂರದ್ದೆಂದು ಕೆಲವರಿಗೆ ತೋರಬಹುದು. ಆದರೆ ಅದು ಹಾಗಿಲ್ಲ. ಸೇಲಂ ಜಿಲ್ಲೆಯಿಂದ ೧೯೬೫ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ ೨೦೦೪ರಲ್ಲಿ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದುವು. ಈ ಹಳೆಯ ಸೇಲಂ ಸೀಮೆಯಲ್ಲಿ, ಹೊಸೂರು, ತಳಿ, ದೇಂಕಣಿಕೋಟೆಗಳ ರೈತರಿಂದ ಹಿಡಿದು ಸೇಲಂ ನಗರದ ದೇವಾಂಗ ನೇಕಾರರವರೆಗೆ, ಕನ್ನಡ ಮನೆಮಾತಾಗಿರುವ ಕುಟುಂಬಗಳು ಇವೆ. ಓಮಲೂರಿನ ಬಳಿಯ ಕಾಮಲಾಪುರದಲ್ಲಿ ೧೯೯೩ರಲ್ಲಿ ತೆರೆದ ಸೇಲಂ ವಿಮಾನ ನಿಲ್ದಾಣದಲ್ಲಿ ಸಂಚಾರ ಹಲವು ಸಲ ನಿಂತು, ೨೦೨೩ರ ಅಕ್ಟೋಬರಿನಲ್ಲಿ ಮತ್ತೆ ಮೊದಲಾಯಿತು. ಹೊಸೂರಿನವರಿಗಂತೂ ೨೦೦೮ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣವೇ ಹತ್ತಿರ. ಹದಿನೆಂಟು ವರ್ಷ ತುಂಬಿ ಹನ್ನೆರಡನೆಯ ತರಗತಿ ಮುಗಿಸಿದವರು ಈ ಕೆಲಸಕ್ಕೆ ಅರ್ಜಿ ಹಾಕಬಹುದು. ತಮಿಳುನಾಡು ಸರ್ಕಾರದ ತಾಟ್ಕೋ ಸಂಸ್ಥೆಯು ಆದಿದ್ರಾವಿಡ ಹಾಗೂ ಬುಡಕಟ್ಟು ಯುವಜನರಿಗೆ ವಿಮಾನ ಸೇವೆಯ ತರಬೇತಿಗೆಂದು ಈಚಿನ ವರ್ಷಗಳಲ್ಲಿ ಅರ್ಜಿ ಕರೆದದ್ದೂ ಉಂಟು. ಬಾಗಿಲು ತೆರೆದಿರುವಾಗ ಹೊಸ್ತಿಲಲ್ಲಿ ಮಕ್ಕಳನ್ನು ತಡೆಯುವುದು ಬಹುಮಟ್ಟಿಗೆ ಇಂಗ್ಲಿಷಿನ ಭಯವೇ.

ಕೆಲಸದ ಸ್ವರೂಪ

ಮೊದಲು ಕೆಲಸವನ್ನು ಅರಿಯಬೇಕು. ಜಗತ್ತಿನ ಮೊದಲ ಗಗನಸಖಿಯೆಂದು ಹೆಸರಾದ ಎಲನ್ ಚರ್ಚ್ ೧೯೩೦ರಲ್ಲಿ ಅಮೆರಿಕದಲ್ಲಿ ಆ ಕೆಲಸಕ್ಕೆ ಸೇರಿದಾಗ ಆಕೆ ತರಬೇತಿ ಪಡೆದ ದಾದಿ. ಪ್ರಯಾಣಿಕರ ಪ್ರಾಣರಕ್ಷಣೆ ಈ ಉದ್ಯೋಗದ ಬೇರು. ಊಟ ತಿಂಡಿಯ ಉಪಚಾರ ಅದರ ಎಲೆ, ಹೂವು. ಆದುದರಿಂದಲೇ ವಿಮಾನದಲ್ಲಿ ಪ್ರತಿ ೫೦ ಆಸನಗಳಿಗೆ ಒಬ್ಬರಂತೆ ಪರಿಚಾರಕರು ಇರಬೇಕೆಂಬ ನಿಯಮವಿದೆ. ದೊಡ್ಡ ವಿಮಾನದ ಒಂದು ಹೊಸ ಮಾದರಿಗೆ ಅನುಮತಿ ಸಿಗಬೇಕಾದರೆ, ಅದರ ಬಾಗಿಲುಗಳಲ್ಲಿ ಅರ್ಧವನ್ನು ಮಾತ್ರ ಬಳಸಿ, ತುಂಬಿದ ವಿಮಾನದಿಂದ ೯೦ ಸೆಕೆಂಡುಗಳೊಳಗೆ ಎಲ್ಲರೂ ಹೊರಬರಬಲ್ಲರೆಂದು ತೋರಿಸಿಕೊಡಬೇಕು. ಆ ತೊಂಬತ್ತು ಸೆಕೆಂಡುಗಳಲ್ಲಿ ಜನರನ್ನು ನಡೆಸುವುದು ಪರಿಚಾರಕರ ಮಾತು.

ಇಂಗ್ಲಿಷಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಆರು ಮೆಟ್ಟಿಲುಗಳ ಒಂದು ಭಾಷಾಮಾಪನವನ್ನು ಮಾಡಿದ್ದು, ನಾಲ್ಕನೆಯ ಮೆಟ್ಟಿಲನ್ನಾದರೂ ಮುಟ್ಟಿರಬೇಕೆಂಬ ನಿಯಮ ೨೦೦೮ರ ಮಾರ್ಚಿಯಿಂದ ಜಾರಿಗೆ ಬಂತು. ಅದು ಅನ್ವಯಿಸುವುದು ಮುಖ್ಯವಾಗಿ ವಿಮಾನ ಚಾಲಕರಿಗೂ ನೆಲದ ನಿಯಂತ್ರಕರಿಗೂ, ಪರಿಚಾರಕರಿಗಲ್ಲ. ಪರಿಚಾರಕರ ಭಾಷೆಯನ್ನು ಆಯಾ ಕಂಪನಿಯೇ ಸಂದರ್ಶನದಲ್ಲಿ ಅಳೆಯುತ್ತದೆ. ಅಲ್ಲದೆ, ಚಾಲಕರ ಆ ಮಾಪನದಲ್ಲಿಯೂ ಅಳೆಯುವುದು ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ಓಟ, ಗ್ರಹಿಕೆ, ಪರಸ್ಪರ ಸಂಭಾಷಣೆ ಎಂಬ ಆರು ಗುಣಗಳನ್ನು. ತಾಯ್ನುಡಿಯ ಛಾಯೆ ಉಚ್ಚಾರಣೆಯಲ್ಲಿದ್ದರೆ ಅದೇ ದೋಷವಲ್ಲ. ಅರ್ಥಕ್ಕೆ ಅಡ್ಡಬಂದರೆ ಮಾತ್ರ ದೋಷ. ಹೀಗಿರುವಲ್ಲಿ, ಪರದೇಶದವರ ಧ್ವನಿಯನ್ನು ಅನುಕರಿಸುವುದನ್ನೇ ವಿದ್ಯೆಯೆಂದು ದೊಡ್ಡ ಶುಲ್ಕಕ್ಕೆ ಮಾರುವ ಕೆಲವು ತರಬೇತಿ ಕೇಂದ್ರಗಳ ಮಾತಿಗೆ ಬಡ ತಂದೆತಾಯಿಗಳು ಸಾಲಮಾಡಿ ಮರುಳಾಗುವುದು ದುಃಖದ ಸಂಗತಿ.

ನಾಲ್ಕು ಬಗೆಯ ಮಾತು

ಪರಿಚಾರಕರ ಮಾತನ್ನು ನಾವು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಉಪಚಾರ, ವಿಚಾರಣೆ, ಆಜ್ಞೆ, ವರದಿ. ಉಪಚಾರವೆಂದರೆ ಸ್ವಾಗತಿಸುವುದು, ಬೇಕುಬೇಡಗಳನ್ನು ನಡೆಸುವುದು. ವಿಚಾರಣೆಯೆಂದರೆ ಅಸ್ವಸ್ಥರಾದವರನ್ನು ಕೇಳಿ ತಿಳಿಯುವುದು. ಆಜ್ಞೆ ಆಪತ್ಕಾಲದ್ದು. ವರದಿ ಎಂದರೆ ಕಂಡದ್ದನ್ನು ಚಾಲಕನಿಗೆ ಮುಟ್ಟಿಸುವುದು. ಈ ಕಡೆಯ ಎರಡು ಎಷ್ಟು ಮುಖ್ಯವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

೧೯೮೯ರ ಜನವರಿ ೮ರಂದು ಇಂಗ್ಲೆಂಡಿನ ಕೆಗ್‌ವರ್ತ್ ಎಂಬಲ್ಲಿ ಒಂದು ವಿಮಾನ ಬಿದ್ದು ೪೭ ಮಂದಿ ಮಡಿದರು. ಕೆಟ್ಟಿದ್ದು ಎಡಗಡೆಯ ಎಂಜಿನು. ಚಾಲಕರು ನಿಲ್ಲಿಸಿದ್ದು ಬಲಗಡೆಯದನ್ನು. ಬಲ ಎಂಜಿನಿಗೆ ತೊಂದರೆಯಾಗಿತ್ತೆಂದು ನಾಯಕನು ಪ್ರಕಟಿಸಿದ್ದನು. ಎಡಗಡೆ ಬೆಂಕಿಯ ಕುರುಹನ್ನು ಅನೇಕ ಪ್ರಯಾಣಿಕರೂ ಪರಿಚಾರಕರಲ್ಲಿ ಮೂವರೂ ಕಂಡಿದ್ದರು; ಆ ಸುದ್ದಿ ಮಾತ್ರ ಮುಂದಿನ ಕೋಣೆಗೆ ಮುಟ್ಟಲಿಲ್ಲ. ಅಲ್ಲಿ ಇಂಗ್ಲಿಷಿಗೆ ಕೊರತೆ ಇರಲಿಲ್ಲ. ಕೊರತೆಯಾದದ್ದು ಕಂಡದ್ದನ್ನು ಹೇಳುವ ಅಭ್ಯಾಸಕ್ಕೆ, ಕೇಳಿದ್ದನ್ನು ಪ್ರಶ್ನಿಸುವ ಧೈರ್ಯಕ್ಕೆ.

೨೦೨೪ರ ಜನವರಿ ೨ರಂದು ಟೋಕಿಯೋದ ಹಾನೇದಾ ನಿಲ್ದಾಣದಲ್ಲಿ ಜಪಾನಿನ ಒಂದು ದೊಡ್ಡ ವಿಮಾನ ಇಳಿಯುವಾಗ ಕರಾವಳಿ ರಕ್ಷಣಾಪಡೆಯ ಸಣ್ಣ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಸಣ್ಣ ವಿಮಾನದಲ್ಲಿದ್ದ ಐವರು ತೀರಿಕೊಂಡರು. ದೊಡ್ಡ ವಿಮಾನದ ೩೭೯ ಮಂದಿಯೂ ಜೀವಸಹಿತ ಹೊರಬಂದರು. ಒಳಗಿನ ಧ್ವನಿವರ್ಧಕ ಕೆಟ್ಟುಹೋಗಿದ್ದುದರಿಂದ ಪರಿಚಾರಕರು ಕೈಮೆಗಾಫೋನಿನಿಂದಲೂ ಬರಿಯ ಗಂಟಲಿನಿಂದಲೂ ಕೂಗಿ, ಬೆಂಕಿಯಿಲ್ಲದ ಮೂರು ಬಾಗಿಲುಗಳಿಂದ ಜನರನ್ನು ಇಳಿಸಿದರು. ಅಲ್ಲಿ ಕೆಲಸಕ್ಕೆ ಬಂದದ್ದು ಚಿಕ್ಕ ಚಿಕ್ಕ ಮಾತುಗಳು.

ಇಂತಹ ಮಾತು ನಮಗೆ ಹೊಸತೇನೂ ಅಲ್ಲ. ಹೊಸೂರು ಧರ್ಮಪುರಿ ದಾರಿಯ ಬಸ್ಸಿನ ಕಂಡಕ್ಟರನು “ಹೋಲ್ಡಾನ್” ಎಂದರೆ ಬಸ್ಸು ನಿಲ್ಲುತ್ತದೆ, “ರೈಟ್” ಎಂದರೆ ಹೊರಡುತ್ತದೆ. ಅವನ ಇಂಗ್ಲಿಷಿನ ಧ್ವನಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಚಾಲಕನಿಗೆ ತಪ್ಪದೆ ಕೇಳಿಸಿತೆ ಎಂಬುದೊಂದೇ ಪರೀಕ್ಷೆ. ಟಿಕೆಟು ಕೊಡುವಾಗ ಆತನು ತಮಿಳು, ಕನ್ನಡ, ತೆಲುಗುಗಳಲ್ಲಿ ಎದುರಿಗಿದ್ದವರ ಮುಖ ನೋಡಿ ಮಾತು ಬದಲಾಯಿಸುತ್ತಾನೆ. ಗಗನಸಖಿಯ ಸಂವಹನ ಕೌಶಲದ ತಿರುಳೂ ಇದೇ.

ಕನ್ನಡದ ನಾಲಗೆ, ಇಂಗ್ಲಿಷಿನ ಧ್ವನಿ

ಇನ್ನು ನಮ್ಮ ಮಕ್ಕಳು ಎಡವುವ ಕಡೆಗಳನ್ನು ನೋಡೋಣ. ಇವು ಎಣಿಸಿ ಹೇಳುವಷ್ಟೇ ಇವೆ. ಕನ್ನಡ ಬಲ್ಲ ಅಧ್ಯಾಪಕನಿಗೆ ಅವುಗಳ ಕಾರಣವೂ ತಿಳಿಯುತ್ತದೆ.

ಒಂದನೆಯದು, ಕನ್ನಡದ ಮಾತು ಸ್ವರದಲ್ಲಿ ಮುಗಿಯುವುದರಿಂದ “ಬೆಲ್ಟ್” ಎಂಬುದು “ಬೆಲ್ಟು” ಆಗುತ್ತದೆ. ಮೊದಲಲ್ಲಿ ಎ, ಒ ಬಂದರೆ ಯಕಾರ ವಕಾರಗಳು ನುಸುಳುತ್ತವೆ. “ಎಕ್ಸಿಟ್” ಎಂಬುದು “ಯೆಕ್ಸಿಟ್ಟು”, “ಓಪನ್” ಎಂಬುದು “ವೋಪನ್ನು”. ಗಡಿಯ ಕೆಲವು ಆಡುನುಡಿಗಳಲ್ಲಿ ಹಾಲು “ಆಲು” ಆಗುವಂತೆ ಇಂಗ್ಲಿಷಿನ ಹಕಾರವೂ ಜಾರಿ, ಕಾವು ಎಂಬರ್ಥದ “ಹೀಟ್” ತಿನ್ನು ಎಂಬರ್ಥದ “ಈಟ್” ಆಗುತ್ತದೆ. ಮಗುವಿನಿಂದ ಹಾಲು, ಹಳ್ಳಿ, ಹೂವು ಎಂದು ಸ್ಪಷ್ಟವಾಗಿ ಓದಿಸಿದರೆ ಕನ್ನಡ ಪಾಠದಲ್ಲಿಯೇ ಇಂಗ್ಲಿಷಿನ ಅರ್ಧ ಕೆಲಸ ಆಗುತ್ತದೆ.

ಎರಡನೆಯದು ನಮಗೆ ಲಾಭದ ಬಾಬು. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ಪ, ಬಗಳಿಗೂ ಒಂದೇ. ಕನ್ನಡ ಲಿಪಿ ಬಲ್ಲ ಮಗುವಿಗೆ ಇವು ಬೇರೆ ಬೇರೆ ಅಕ್ಷರಗಳು. “ಬ್ಯಾಕ್” ಎಂದರೆ ಹಿಂದೆ, “ಬ್ಯಾಗ್” ಎಂದರೆ ಚೀಲ ಎಂಬ ಭೇದವನ್ನು ಆ ಮಗು ಬರೆದು ತೋರಿಸಬಲ್ಲದು. ೨೦೦೬ರ ತಮಿಳು ಕಲಿಕೆ ಕಾಯಿದೆಯ ಮೇರೆಗೆ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ. ಎರಡು ಲಿಪಿಗಳನ್ನು ಬಲ್ಲವರಿಗೆ ಧ್ವನಿಯ ವಿವೇಕ ಹೆಚ್ಚುವಂತೆ ಮಾಡುವುದು ಅಧ್ಯಾಪಕರ ಕೈಯಲ್ಲಿದೆ.

ಮೂರನೆಯದು, ಸಂಖ್ಯೆ. ಕನ್ನಡದಲ್ಲಿ ಹದಿನಾಲ್ಕಕ್ಕೂ ನಲವತ್ತಕ್ಕೂ ಗೊಂದಲವಿಲ್ಲ. ಇಂಗ್ಲಿಷಿನ “ಫೋರ್ಟೀನ್”, “ಫಾರ್ಟಿ” ಒತ್ತು ತಪ್ಪಿದರೆ ಒಂದೇ ಆಗಿ ಕೇಳಿಸುತ್ತವೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದ ಕಾರಣ ನಮ್ಮ ಕಿವಿ ಅದನ್ನು ಗಮನಿಸುವುದಿಲ್ಲ. ಆದುದರಿಂದ ಅಂಕಿಗಳನ್ನು ಬಿಡಿಸಿ “ವನ್ ಫೋರ್”, “ಫೋರ್ ಜೀರೋ” ಎಂದು ಹೇಳಿಸಬೇಕು. ಬಿ, ಡಿ, ಇ ಎಂಬ ಆಸನಾಕ್ಷರಗಳೂ ಗದ್ದಲದಲ್ಲಿ ಒಂದೇ ಆಗುತ್ತವೆ. ಅದಕ್ಕೆಂದೇ ೧೯೫೬ರಿಂದ ಬಳಕೆಯಲ್ಲಿರುವ ವಿಮಾನಯಾನದ ಅಕ್ಷರಮಾಲೆಯಲ್ಲಿ ಅವಕ್ಕೆ ಬ್ರಾವೋ, ಡೆಲ್ಟಾ, ಎಕೋ ಎಂದು ಹೆಸರಿಟ್ಟಿದ್ದಾರೆ.

ನಾಲ್ಕನೆಯದು, ಮರ್ಯಾದೆ. ಕನ್ನಡದಲ್ಲಿ “ಕುಳಿತುಕೊಳ್ಳಿ” ಎಂದರೆ ಗೌರವ ಕ್ರಿಯಾಪದದಲ್ಲಿಯೇ ಅಡಗಿದೆ. ಅದನ್ನು ನೇರವಾಗಿ “ಸಿಟ್ ಡೌನ್” ಎಂದು ತಿರುಗಿಸಿದ ಕೂಡಲೇ ಗೌರವ ಉದುರಿಹೋಗಿ ಗದರಿಕೆ ಉಳಿಯುತ್ತದೆ. ಹುಡುಗಿ ವಿನಯದಿಂದಲೇ ಆಡಿದಳು, ಕೇಳಿದವರು ಒರಟೆಂದುಕೊಂಡರು. ಇಂಗ್ಲಿಷಿನಲ್ಲಿ ವಿನಯ ಇರುವುದು “ಪ್ಲೀಸ್” ಎಂಬಲ್ಲಿ, “ವುಡ್ ಯೂ” ಎಂದು ಪ್ರಶ್ನೆಯಾಗಿ ಕೇಳುವುದರಲ್ಲಿ, ಧ್ವನಿಯ ಇಳಿತದಲ್ಲಿ. ಆಪತ್ತಿನಲ್ಲಾದರೋ ಈ ಅಲಂಕಾರವನ್ನೆಲ್ಲ ಕಳಚಿ ಎರಡು ಮೂರು ಮಾತಿನ ಆಜ್ಞೆಯನ್ನೇ ಕೊಡಬೇಕು. ಯಾವಾಗ ಉಡಿಸಬೇಕು, ಯಾವಾಗ ಕಳಚಬೇಕು ಎಂಬುದನ್ನು ಕಲಿಸುವುದೇ ಶಿಕ್ಷಣ.

ಐದನೆಯದು ಎಲ್ಲಕ್ಕಿಂತ ಅಪಾಯದ್ದು. “ನೀವು ಕಡಲೆಬೀಜ ತಿನ್ನುವುದಿಲ್ಲವೆ?” ಎಂದರೆ ತಿನ್ನದ ಕನ್ನಡಿಗನು “ಹೌದು” ಎನ್ನುತ್ತಾನೆ; ಅಂದರೆ, ತಿನ್ನುವುದಿಲ್ಲವೆಂಬುದು ಹೌದು. ಅದೇ ಪ್ರಶ್ನೆಗೆ ಇಂಗ್ಲಿಷಿನವನ “ಯೆಸ್” ತಿನ್ನುತ್ತೇನೆಂಬ ಅರ್ಥ ಕೊಡುತ್ತದೆ. ಕಡಲೆಬೀಜ ಒಗ್ಗದವರಿಗೆ ಅದರಿಂದ ಉಸಿರುಕಟ್ಟಿ ಪ್ರಾಣಕ್ಕೇ ಕುತ್ತು ಬರುವುದುಂಟು. ಆದುದರಿಂದ ನಿಷೇಧರೂಪದ ಪ್ರಶ್ನೆಯನ್ನು ಕೇಳಲೇಬಾರದು. ಉತ್ತರವನ್ನು ಪೂರ್ಣ ವಾಕ್ಯವಾಗಿ ಮತ್ತೆ ಹೇಳಿ ಖಚಿತಪಡಿಸಿಕೊಳ್ಳಬೇಕು. ಈ ಸೂಕ್ಷ್ಮ ಎರಡೂ ಭಾಷೆ ಬಲ್ಲ ಅಧ್ಯಾಪಕನ ಕಣ್ಣಿಗೆ ಬೇಗ ಬೀಳುತ್ತದೆ.

ತರಗತಿಯಲ್ಲಿ ಮಾಡಬಹುದಾದುದು

ಇದಕ್ಕೆ ಯಂತ್ರೋಪಕರಣಗಳು ಬೇಕಿಲ್ಲ. ಬೆಂಚುಗಳನ್ನು ಎರಡು ಸಾಲು ಮಾಡಿ ನಡುವೆ ಓಣಿ ಬಿಟ್ಟರೆ ವಿಮಾನವಾಯಿತು. ಬೆಂಚುಗಳಿಗೆ ಸಂಖ್ಯೆಯನ್ನೂ ಅಕ್ಷರವನ್ನೂ ಬರೆದು ಅಂಟಿಸಿ, ಹೇಳಿದ ಆಸನಕ್ಕೆ ಹೇಳಿದ ವಸ್ತುವನ್ನು ಮುಟ್ಟಿಸುವ ಆಟ ಆಡಿಸಬಹುದು. ಹೇಳಿದುದನ್ನು ಕೇಳಿದವನು ಮರುನುಡಿದ ಮೇಲೆಯೇ ಕೆಲಸ ಮಾಡಬೇಕೆಂಬ ಕಟ್ಟಳೆ ಇರಲಿ. ಮರುನುಡಿ ಎಲ್ಲ ಅಭ್ಯಾಸಗಳಿಗೂ ತಾಯಿ. ಅರ್ಧ ತರಗತಿ ಗದ್ದಲಮಾಡುತ್ತಿರುವಾಗ ಉಳಿದ ಅರ್ಧ ಎರಡೇ ಮಾತಿನ ಆಜ್ಞೆಯನ್ನು ಕೈಸನ್ನೆಯೊಡನೆ ಕೊಟ್ಟು ನೋಡಲಿ. ಒಬ್ಬ ಹುಡುಗಿ ಅಸ್ವಸ್ಥಳಂತೆ ನಟಿಸಲಿ. ಮತ್ತೊಬ್ಬಳು ಅವಳನ್ನು ವಿಚಾರಿಸಿ ಯಾರಿಗೆ, ಎಲ್ಲಿ, ಏನಾಯಿತು, ಎಷ್ಟು ಹೊತ್ತಾಯಿತು ಎಂಬ ನಾಲ್ಕು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಅಧ್ಯಾಪಕರಿಗೆ ವರದಿಮಾಡಲಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ತಾಯ್ನುಡಿಯಲ್ಲಿ ಕ್ರಮವಾಗಿ ಹೇಳಲಾರದವನು ಪರಭಾಷೆಯಲ್ಲಿ ಹೇಳುವುದು ಸುಳ್ಳು.

ಅಧ್ಯಾಪಕರು ಸುಳ್ಳು ವರದಿಯೊಂದನ್ನು ಬೇಕೆಂದೇ ಹೇಳಿ, “ಕ್ಷಮಿಸಿ ಸಾರ್, ಅದು ಬಲಗಡೆಯಲ್ಲ, ಎಡಗಡೆ” ಎಂದು ಮಕ್ಕಳು ತಿದ್ದುವಂತೆ ಮಾಡುವುದೂ ಒಂದು ಪಾಠವಾಗಬೇಕು. ಹಿರಿಯರ ಮಾತಿಗೆ ಎದುರಾಡಬಾರದೆಂಬ ನಮ್ಮ ಸಂಸ್ಕಾರ ಒಳ್ಳೆಯದೇ; ಆದರೆ ಕಂಡ ಬೆಂಕಿಯನ್ನು ಹೇಳುವುದು ಎದುರಾಡುವುದಲ್ಲವೆಂದು ಮಕ್ಕಳಿಗೆ ಮನಗಾಣಿಸಬೇಕು. ಕೆಗ್‌ವರ್ತಿನ ಪಾಠವೂ ಇದೇ.

ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಕಡಮೆ ದರದ ಪ್ರಯಾಣಕ್ಕೆ ದಾರಿಮಾಡಿದ ಮೇಲೆ, ವಿಮಾನ ಹತ್ತುವವರೆಲ್ಲ ಇಂಗ್ಲಿಷು ಬಲ್ಲವರೆಂಬ ಕಾಲ ಹೋಯಿತು. ಮಗನ ಊರಿಗೆ ಮೊದಲ ಸಲ ಹಾರುವ ಮುದುಕಮ್ಮನಿಗೆ ಬೆಲ್ಟಿನ ಕೊಂಡಿ ತಿಳಿಯದಿದ್ದಾಗ, “ಅಮ್ಮಾ, ಹೀಗೆ ಎಳೆದು ಸಿಕ್ಕಿಸಿಕೊಳ್ಳಿ” ಎಂದು ಆಕೆಯ ನುಡಿಯಲ್ಲಿ ಹೇಳಬಲ್ಲವಳೇ ಒಳ್ಳೆಯ ಗಗನಸಖಿ. ಕನ್ನಡ, ತಮಿಳು, ತೆಲುಗುಗಳ ನಡುವೆ ಬೆಳೆದ ನಮ್ಮ ಸೀಮೆಯ ಹುಡುಗಿಗೆ ಈ ಗುಣ ಹುಟ್ಟಿನಿಂದ ಬಂದದ್ದು. ಆಕೆಗೆ ಬೇಕಾಗಿರುವುದು ಸ್ಪಷ್ಟವಾದ, ಮಿತವಾದ, ಧೈರ್ಯದ ಇಂಗ್ಲಿಷು. ಅದನ್ನು ಆಕೆಯ ಮನೆಮಾತನ್ನು ಕಸಿದುಕೊಂಡು ಕೊಡಬೇಕಾಗಿಲ್ಲ, ಅದರ ಮೇಲೆಯೇ ಕಟ್ಟಬಹುದು. ಗಡಿನಾಡಿನ ಅಧ್ಯಾಪಕ ಬಂಧುಗಳು ವಾರಕ್ಕೆ ಒಂದು ಗಂಟೆಯನ್ನಾದರೂ ಈ ಕಾರ್ಯಕ್ಕೆ ಮೀಸಲಿಟ್ಟರೆ, ನಮ್ಮ ಮಕ್ಕಳು ಸಂದರ್ಶನದ ಕೋಣೆಯನ್ನು ತಲೆಯೆತ್ತಿ ಪ್ರವೇಶಿಸುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.